ಮುಕ್ಕಾಲು ಸಿಂಹಾಸನ

ಅತ್ತೆಯವರು ಕೂರುವ ಕುರ್ಚಿಯನ್ನು ನಾನೇ ತಯಾರು ಮಾಡುತ್ತೇನೆ ಎಂದು ನಾನು ಸಾರಿದ್ದು ಒಂದು ಭಾನುವಾರ ಬೆಳಿಗ್ಗೆ, ಎರಡನೇ ಕಾಫಿಯ ಬಲದ ಮೇಲೆ. ಹಿಂದಿನ ಕಾಲದ ರಾಜರು ಯುದ್ಧ ಸಾರುತ್ತಿದ್ದುದೂ ಇಂಥ ಹೊತ್ತಿನಲ್ಲೇ ಇರಬೇಕು. ಹೊಟ್ಟೆ ತುಂಬಿತ್ತು, ಎದುರಾಳಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ.

ಅತ್ತೆಯವರಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಇನ್ನು ಮೇಲೆ ನೆಲದ ಮೇಲೆ ಕೂರಬಾರದು, ತಗ್ಗಿನ ಸೋಫಾ ಬೇಡ, ಎತ್ತರದ, ಮೆತ್ತಗಿನ, ಎರಡೂ ಕಡೆ ಊರಿಕೊಳ್ಳಲು ಆಸರೆಯಿರುವ ಆಸನವೇ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಚೇತರಿಸಿಕೊಳ್ಳಲು ಅವರು ನಮ್ಮ ಮನೆಗೆ ಬರುವವರಿದ್ದರು. ಮದುವೆಯಾದ ಮೇಲೆ ಅವರು ನಮ್ಮಲ್ಲಿ ಬಂದು ಉಳಿಯುವುದು ಇದೇ ಮೊದಲು. ನನ್ನ ವಿಷಯ ಬಂದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: "ಒಳ್ಳೆಯವರು." ಹೇಳೋಕೆ ಬೇರೇನೂ ಸಿಗದಾಗ ಜನ ಹೇಳುವ ಮಾತು ಅದು. ಅದರ ಪಕ್ಕಕ್ಕೆ ಇನ್ನೊಂದು ಗುಣವನ್ನು ಸೇರಿಸಿಕೊಳ್ಳಬೇಕು ಎಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

"ಹೊಸ ಕುರ್ಚಿ ಒಂದು ತಂದ್ಬಿಡೋಣ, ಮುಗೀತು," ಎಂದಳು ನನ್ನ ಹೆಂಡತಿ.

"ಅಂಗಡಿ ಕುರ್ಚಿ ಯಾರು ಬೇಕಾದ್ರೂ ತರ್ತಾರೆ. ಹಳೇದೊಂದು ತಂದು, ಬಿಚ್ಚಿ, ಹೊಸ ಬಟ್ಟೆ ಹೊದಿಸಿ, ಅಳಿಯನೇ ಮಾಡಿದ ಕುರ್ಚಿ ಅಂದ್ರೆ ಅದರ ಗತ್ತೇ ಬೇರೆ."

"ಗತ್ತಿರಲಿ. ಅದರ ಮೇಲೆ ಮೊದಲು ಯಾರು ಕೂರ್ತಾರೆ?"

ಇಂಥ ಪ್ರಶ್ನೆಗಳಿಗೆ ದೊಡ್ಡ ಮನಸ್ಸಿನವರು ಉತ್ತರ ಕೊಡುವುದಿಲ್ಲ. ನಾನೂ ಕೊಡಲಿಲ್ಲ.

ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದಿದೆ. ಅದರ ಕಟ್ಟಕಡೆಯ ಮೂಲೆಯಲ್ಲಿ, ಬಾಗಿಲಿಲ್ಲದ ಬೀರು ಮತ್ತು ಬೀರುವಿಲ್ಲದ ಬಾಗಿಲುಗಳ ನಡುವೆ, ಆ ಕುರ್ಚಿ ನನಗೆ ಸಿಕ್ಕಿತು. ನೋಡಲು ಯಾರೋ ಬೈದು ಕೂರಿಸಿದ ಹಾಗಿತ್ತು. ಯಾವ ಬಣ್ಣ ಎಂದು ಕೇಳಿದರೆ ಅಂಗಡಿಯವನು ತಲೆ ಓರೆ ಮಾಡಿ ನೋಡಿ, "ಮೊದಲು ಹಸಿರಿತ್ತು ಅನ್ಸುತ್ತೆ" ಎಂದ. ಸೀಟಿನ ನಡುವೆ ಒಂದು ಗುಂಡಿ, ಆ ಗುಂಡಿಯಲ್ಲಿ ಅಷ್ಟೂ ವರ್ಷಗಳ ಧೂಳು. ಆದರೆ ಕಾಲುಗಳು ಮಾತ್ರ ಭರ್ಜರಿಯಾಗಿದ್ದವು. ಸಿಂಹದ ಪಂಜದ ಆಕಾರದ ಕೆತ್ತನೆ. ಮೂರು ಕಾಲಿಗೆ. ನಾಲ್ಕನೆಯದನ್ನು ಯಾರೋ ಮುರಿದುಕೊಂಡು ಬೇರೆ ಯಾವುದೋ ಮೇಜಿನ ಕಾಲು ಕೂರಿಸಿದ್ದರು. ಅದು ಬಾತುಕೋಳಿಯದ್ದೋ ಏನೋ.

ಸಾಮಾನು ಸಾಗಿಸುವ ಗಾಡಿಯವನು ಕುರ್ಚಿಯನ್ನು ಹೇರಿಕೊಂಡು ಗಂಭೀರವಾಗಿ ಕೇಳಿದ: "ಇದನ್ನ ಎಲ್ಲಿ ಎಸೀಬೇಕು ಸಾರ್?"

ಮನೆಯ ವಿಳಾಸ ಹೇಳಿದೆ. ಅವನು ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಗಾಡಿ ಹೊರಡಿಸಿದ.

ಹೆಂಡತಿ ಬಾಗಿಲಲ್ಲೇ ನಿಂತು ಕುರ್ಚಿಯನ್ನು ಸುತ್ತಲೂ ನೋಡಿದಳು.

"ಸಿಂಹದ ಕಾಲು," ಎಂದೆ ನಾನು. "ಅಂದ್ರೆ ಅಕ್ಷರಶಃ ಸಿಂಹಾಸನ."

ಅವಳು ಬಗ್ಗಿ ಕಾಲುಗಳನ್ನು ಎಣಿಸಿದಳು. "ಮುಕ್ಕಾಲು ಸಿಂಹಾಸನ," ಎಂದು ಒಳಗೆ ಹೋದಳು.

ಮಾರನೆಯ ದಿನವೇ ರಜೆ ಹಾಕಿ ಕೆಲಸಕ್ಕೆ ಇಳಿದೆ. ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಅದರಲ್ಲಿದ್ದ ಮನುಷ್ಯ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳುತ್ತ ಕುರ್ಚಿಯ ಬಟ್ಟೆಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಒಂದೇ ಎಳೆತಕ್ಕೆ ತೆಗೆದುಹಾಕಿದ್ದ. ನಾನೂ ಎಳೆದೆ. ಹಸಿರು ಬಂತು. ಅದರ ಕೆಳಗೆ ಕೆಂಪು ಮಖಮಲ್ಲು ಇತ್ತು. ಕೆಂಪನ್ನು ಎಳೆದೆ, ಹೂವಿನ ಚಿತ್ತಾರದ ಬಟ್ಟೆ ಬಂತು. ಅದರ ಕೆಳಗೆ ಗೋಣಿತಟ್ಟು. ಇಷ್ಟು ಕಾಲ ಈ ಕುರ್ಚಿಯನ್ನು ರಿಪೇರಿ ಮಾಡಿದವರು ಯಾರೂ ಹಳೆಯದನ್ನು ತೆಗೆಯುವ ಗೋಜಿಗೇ ಹೋಗಿರಲಿಲ್ಲ, ಒಬ್ಬರ ಮೇಲೊಬ್ಬರು ಹೊದಿಸುತ್ತಲೇ ಬಂದಿದ್ದರು. ನಾನು ಸುಲಿದಂತೆಲ್ಲ ಕುರ್ಚಿ ಕಣ್ಣೆದುರೇ ಬಡವಾಗುತ್ತಾ ಹೋಯಿತು. ಗೋಣಿತಟ್ಟನ್ನೂ ಕಿತ್ತಾಗ ಒಂದು ಸ್ಪ್ರಿಂಗು ಟಂಯ್ ಎಂದು ಎದ್ದು ಬೀರುವಿನ ಮೇಲೆ ಹೋಗಿ ಕೂತಿತು. ಕುರ್ಚಿಯ ಮೇಲಿದ್ದ ಮೆತ್ತಗಿನ ಭಾಗವೆಲ್ಲ ಈಗ ನೆಲದ ಮೇಲಿತ್ತು. ಉಳಿದದ್ದು ಮೂಳೆ.

"ನಾಲ್ಕು ದಿನದಲ್ಲಿ ಅಮ್ಮ ಬರ್ತಾಳೆ," ಎಂದಳು ಹೆಂಡತಿ, ಬಾಗಿಲ ಬಳಿ ನಿಂತು. "ಇದು ಬರುತ್ತಾ?"

"ಕ್ರಮ ಅಂತ ಒಂದಿರುತ್ತೆ. ಮೊದಲು ಎಲ್ಲ ಬಿಚ್ಚಬೇಕು. ಪ್ರತಿಯೊಂದು ಭಾಗಕ್ಕೂ ಗುರುತು ಹಾಕಬೇಕು. ಆಮೇಲೆ ಜೋಡಿಸೋದು ಮಕ್ಕಳಾಟ."

ಗುರುತು ಹಾಕಿದ್ದು ಸುಳ್ಳಲ್ಲ. ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದೆ. ಕಾಲಿಗೆ 'ಕ'. ಬೆನ್ನಿಗೆ 'ಬ'. ಎಡಗಡೆಯದಕ್ಕೆ 'ಎ', ಬಲಗಡೆಯದಕ್ಕೆ 'ಬ'. ಜೋಡಿಸಲು ಕೂತ ಮೇಲೆ ತಿಳಿಯಿತು, ಕಾಲಿಗೂ ಕ, ಕೈಗೂ ಕ. ಬೆನ್ನಿಗೂ ಬ, ಬದಿಗೂ ಬ, ಬುಡಕ್ಕೂ ಬ. ಒಂದು ಪಟ್ಟಿಯ ಮೇಲೆ 'ಬ ಬ' ಎಂದಿತ್ತು. ಅದು ಬಲಬದಿಯೋ, ಬೆನ್ನಿನ ಬಲವೋ, ಬುಡದ ಬಲವೋ, ಅಥವಾ ಕುರ್ಚಿಯೇ ನನ್ನನ್ನು ಬಾ ಬಾ ಎಂದು ಕರೆಯುತ್ತಿದೆಯೋ ಅರ್ಥವಾಗಲಿಲ್ಲ. ಇನ್ನೊಂದರ ಮೇಲೆ 'ಎ' ಎಂದಷ್ಟೇ ಇತ್ತು. ಅದನ್ನು ನೋಡಿದರೆ ನನ್ನನ್ನೇ ಯಾರೋ ಗದರಿಸಿದಂತಾಗುತ್ತಿತ್ತು.

ಆದರೂ ಜೋಡಿಸಿದೆ. ಮೊದಲನೆಯ ಸಲ ಜೋಡಿಸಿದಾಗ ಅದು ಏಣಿಯ ಹಾಗೆ ಕಂಡಿತು. ಎರಡನೆಯ ಸಲ ಕುರ್ಚಿಯ ಹಾಗೇ ಕಂಡಿತು, ಆದರೆ ಬೆನ್ನು ಮುಂದಕ್ಕೆ ಬಾಗಿತ್ತು. ಕೂತವರನ್ನು ವಿನಯದಿಂದ ಎಬ್ಬಿಸಿ ಹೊರಗೆ ಕಳಿಸುವ ಭಂಗಿ. ಮೂರು ತಿರುಪುಮೊಳೆ, ಒಂದು ಮರದ ತುಂಡು ಮಿಕ್ಕವು. ಮಿಕ್ಕಿದ್ದು ಯಾಕೆ ಎಂದು ಬಹಳ ಹೊತ್ತು ಯೋಚಿಸಿ, ಹಳೆಯ ಕಾಲದವರು ಎಲ್ಲವನ್ನೂ ಒಂದಿಷ್ಟು ಹೆಚ್ಚೇ ಹಾಕುತ್ತಿದ್ದರು ಎಂಬ ತೀರ್ಮಾನಕ್ಕೆ ಬಂದೆ.

ಮುಂದಿನದು ಬಟ್ಟೆ. ನೀಲಿ ಬಣ್ಣದ ದಪ್ಪ ಬಟ್ಟೆ ತಂದಿದ್ದೆ. ಅದನ್ನು ಹಾಸಿಗೆಯ ಮೇಲೆ ಹರಡಿ, ಅಳತೆ ಹಾಕಿ, ಹೆಂಡತಿಯ ದೊಡ್ಡ ಕತ್ತರಿಯಿಂದ ಒಂದೇ ಉಸಿರಿಗೆ ಕತ್ತರಿಸಿದೆ. ಅಷ್ಟು ನೇರವಾದ ಗೆರೆಯನ್ನು ನಾನು ಜೀವನದಲ್ಲಿ ಎಲ್ಲೂ ಹಿಡಿದಿರಲಿಲ್ಲ. ಸೀಟಿನ ಬಟ್ಟೆಯನ್ನು ಹೆಮ್ಮೆಯಿಂದ ಎತ್ತಿದೆ. ಅದರ ಹಿಂದೆಯೇ ಅದೇ ಅಳತೆಯ ಇನ್ನೊಂದು ತುಂಡು ಎದ್ದು ಬಂತು, ಬಿಳಿಯದು, ಅಂಚಿನಲ್ಲಿ ಹಳದಿ ಪಟ್ಟೆಯಿದ್ದದ್ದು.

ಹೆಂಡತಿ ಹಾಸಿಗೆಯನ್ನೂ ಅದರ ಹೊದಿಕೆಯಲ್ಲಿ ಬಿದ್ದಿದ್ದ ಚೌಕ ಕಿಟಕಿಯನ್ನೂ ನೋಡಿದಳು.

"ಹಾಸಿಗೆಗೂ ಅಳತೆ ತಗೊಂಡ್ರಾ?"

"ಬಟ್ಟೆ ಸ್ವಲ್ಪ ದಪ್ಪ ಅನ್ನಿಸ್ತು. ಯಾಕೆ ಅಂತ ತಿಳೀಲಿಲ್ಲ."

ಅವಳು ಆ ಬಿಳಿಯ ತುಂಡನ್ನು ಮಡಿಸಿ ಎತ್ತಿಟ್ಟುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎಲ್ಲಿ ನಿಂತಿದ್ದೇನೆ ಎಂದಾದರೂ ಗೊತ್ತಾಗುತ್ತಿತ್ತು.

ಅತ್ತೆಯವರು ಬರಬೇಕಾಗಿದ್ದುದರ ಹಿಂದಿನ ದಿನ ಬೆಳಿಗ್ಗೆ ನಾನು ಒಳಕೋಣೆಯಲ್ಲಿ ಸೀಟಿಗೆ ಬಟ್ಟೆ ಬಿಗಿಯುತ್ತಿದ್ದೆ. ಪಿನ್ನು ಹೊಡೆಯುವ ಯಂತ್ರವನ್ನು ಆಫೀಸಿನ ಗೆಳೆಯನೊಬ್ಬನಿಂದ ತಂದಿದ್ದೆ. ಅದಕ್ಕೂ ನನಗೂ ಬಹಳ ಬೇಗ ಹೊಂದಿಕೆಯಾಯಿತು. ಟಕ್ ಟಕ್ ಟಕ್ ಎಂದು ಅದು ಹೊಡೆಯುವಾಗ, ನಾಲ್ಕು ದಿನದಲ್ಲಿ ಮೊದಲ ಸಲ, ಏನು ಮಾಡುತ್ತಿದ್ದೇನೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಕುರ್ಚಿಯನ್ನು ತಬ್ಬಿ ಹಿಡಿದು, ಹೊಟ್ಟೆಯನ್ನು ಅದಕ್ಕೆ ಒತ್ತಿ, ಮುಂದಿನ ಅಂಚನ್ನು ಪೂರ್ತಿ ಮುಗಿಸಿದೆ. ಆಗ ಕರೆಗಂಟೆ ಸದ್ದಾಯಿತು. ಎದ್ದೆ. ಕುರ್ಚಿಯೂ ಎದ್ದಿತು.

ನೀಲಿ ಬಟ್ಟೆಯ ಜೊತೆಗೆ ನನ್ನ ಷರ್ಟಿನ ಮುಂಭಾಗವನ್ನೂ ಒಳ್ಳೇ ಅಚ್ಚುಕಟ್ಟಾಗಿ ಹೊಡೆದುಬಿಟ್ಟಿದ್ದೆ. ಒಂದೊಂದು ಬೆರಳಿನ ಅಂತರಕ್ಕೆ ಒಂದು ಪಿನ್ನು. ಗುಂಡಿ ಬಿಚ್ಚೋಣ ಎಂದರೆ ಗುಂಡಿಗಳೆಲ್ಲ ಒಳಗೆ, ಬಟ್ಟೆಯ ಅಡಿಯಲ್ಲಿ. ಕುರ್ಚಿಯನ್ನು ಅಪ್ಪಿಕೊಂಡು ಬಾಗಿಲವರೆಗೆ ನಡೆದು ಸಂದಿನಲ್ಲಿ ಇಣುಕಿದೆ. ಅತ್ತೆಯವರು, ಒಂದು ದಿನ ಮೊದಲೇ, ಊರುಗೋಲು ಹಿಡಿದು ಹೊಸಿಲು ದಾಟುತ್ತಿದ್ದರು. ಕರೆತಂದಿದ್ದ ಭಾವಮೈದುನ, "ಡಾಕ್ಟರು ಇವತ್ತೇ ಕಳಿಸಿದ್ರು ಅಕ್ಕಾ. ಕಾರು ರಸ್ತೆಗೆ ಅಡ್ಡ ನಿಲ್ಲಿಸಿದ್ದೀನಿ," ಎಂದು ಚೀಲಗಳನ್ನಿಟ್ಟು ಹೊರಟೇಬಿಟ್ಟ.

"ಅಳಿಯಂದಿರು ಎಲ್ಲಿ?" ಎಂದರು ಅತ್ತೆ.

"ಒಳಗಿದ್ದಾರಮ್ಮ. ಒಂಚೂರು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ," ಎಂದಳು ನನ್ನ ಹೆಂಡತಿ. ಅವಳಿಗೆ ಆಗಲೇ ನಾನು ಕಂಡಿದ್ದೆ.

ನಾನು ಸದ್ದಿಲ್ಲದೆ ಬಾಗಿಲಿನಿಂದ ಹಿಂದೆ ಸರಿದು, ಕುರ್ಚಿಯ ಸಮೇತ ಮೂಲೆಯಲ್ಲಿ ನಿಂತೆ. ಹೊರಗೆ ಏನನ್ನೋ ಎಳೆದ ಶಬ್ದ, ಏನನ್ನೋ ಕೊಡವಿದ ಶಬ್ದ. ಆಮೇಲೆ ಅತ್ತೆಯವರು ನಿಟ್ಟುಸಿರು ಬಿಟ್ಟ ಸದ್ದು. ಸ್ವಲ್ಪ ಹೊತ್ತಿಗೆ ಹೆಂಡತಿ ಕತ್ತರಿ ಹಿಡಿದು ಒಳಗೆ ಬಂದಳು.

"ಅಲ್ಲಾಡ್ಬೇಡಿ."

"ಅಮ್ಮ ಪಾಪ ನಿಂತೇ ಇದ್ದಾರಾ?" ಪಿಸುಗುಟ್ಟಿದೆ.

"ಕೂತಿದ್ದಾಳೆ."

"ಎಲ್ಲಿ?"

"ಕುರ್ಚಿ ಮೇಲೆ."

"ಯಾವ ಕುರ್ಚಿ? ಕುರ್ಚಿ ನನ್ನ ಮೈಮೇಲಿದೆ."

ಅವಳು ನನ್ನ ಷರ್ಟನ್ನು ಅಡ್ಡಡ್ಡಲಾಗಿ ಕತ್ತರಿಸಿ ನನ್ನನ್ನು ಕುರ್ಚಿಯಿಂದ ಬಿಡಿಸಿದಳು. ಬೇರೆ ಷರ್ಟು ಹಾಕಿಕೊಂಡು ಹೊರಗೆ ಬಂದೆ.

ಬಂದವನು ನಿಂತಲ್ಲೇ ನಿಂತೆ. ಹಜಾರದಲ್ಲಿ ನಿಜವಾಗಿಯೂ ಒಂದು ಕುರ್ಚಿ ಇತ್ತು. ಎತ್ತರಕ್ಕೆ, ಮೆತ್ತಗೆ, ಬೆಳ್ಳಗೆ, ಅಂಚಿಗೆ ಹಳದಿ ಪಟ್ಟೆ. ಅತ್ತೆಯವರು ಅದರ ಮೇಲೆ ರಾಣಿಯ ಹಾಗೆ ಕೂತು ಎರಡೂ ಕಡೆ ಮೊಣಕೈ ಊರಿದ್ದರು. ಇಂಥ ಕುರ್ಚಿ ನಮ್ಮ ಮನೆಗೆ ಯಾವಾಗ ಬಂತು ಎಂದು ನಾನು ಕಣ್ಣುಜ್ಜಿಕೊಂಡೆ. ಆಮೇಲೆ ಒಂದೊಂದಾಗಿ ಗುರುತು ಹತ್ತಿತು. ಎಡಕ್ಕಿದ್ದದ್ದು ಹೊಲಿಗೆ ಯಂತ್ರದ ಮೇಜು. ಬಲಕ್ಕಿದ್ದದ್ದು ಪುಸ್ತಕದ ಗಿಡ್ಡ ಕಪಾಟು. ನಡುವೆ ಕಂಬಳಿ ತುಂಬಿಡುವ ಮರದ ಪೆಟ್ಟಿಗೆ, ಅದರ ಮೇಲೆ ನಮ್ಮ ಸೋಫಾದ ದಿಂಬುಗಳು, ಬೆನ್ನಿಗೆ ಗೋಡೆ. ಎಲ್ಲಕ್ಕೂ ಮೇಲೆ ನಾನು ಕತ್ತರಿಸಿದ್ದ ಹೊದಿಕೆಯ ಚೌಕ, ಅಳತೆ ಮಾಡಿಸಿದ ಹಾಗೆ ಕೂತಿತ್ತು.

"ಅಳಿಯಂದಿರೇ," ಎಂದರು ಅತ್ತೆ, "ನೀವು ನನಗೋಸ್ಕರ ಕುರ್ಚಿ ಮಾಡ್ತಿದ್ದೀರಿ ಅಂತ ಮಗಳು ಫೋನಲ್ಲಿ ಹೇಳಿದ್ದಳು. ಇಷ್ಟು ಚೆನ್ನಾಗಿ ಮಾಡ್ತೀರಿ ಅಂದ್ಕೊಂಡಿರಲಿಲ್ಲ. ಆಪರೇಷನ್ ಆದ ಮೇಲೆ ಮಂಡಿ ನೋಯದೆ ಕೂತಿದ್ದು ಇವತ್ತೇ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಫ್ಯಾನು ನೋಡಿದಳು. ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ತಿಳಿಯದೆ ಬಾಯಿ ತೆರೆದೆ. "ಏನೋ, ತಕ್ಕ ಮಟ್ಟಿಗೆ," ಎಂಬ ಮಾತು ಹೊರಗೆ ಬಿತ್ತು. ಅದನ್ನು ಆಡಿದವನು ನಾನೇ.

"ಒಳಗೆ ಏನು ತುಂಬಿದ್ದೀರಿ?"

"ಕಂಬ..." ಎಂದೆ. ಹೆಂಡತಿ ಕೆಮ್ಮಿದಳು. "ಕಂಬದ ಹಾಗೆ ಗಟ್ಟಿ ಇರೋದನ್ನೇ ತುಂಬಿದ್ದೀನಿ."

ಅಷ್ಟರಲ್ಲಿ ಅವರ ಕಣ್ಣು ತೆರೆದಿದ್ದ ಒಳಕೋಣೆಯ ಬಾಗಿಲಿನತ್ತ ಹೋಯಿತು. ಅಲ್ಲಿ ನೀಲಿ ಬಟ್ಟೆ ಹೊದ್ದು, ಎದೆಗೆ ನನ್ನ ಷರ್ಟಿನ ಅರ್ಧವನ್ನು ಹೊಡೆಸಿಕೊಂಡು, ಬೆನ್ನು ಬಾಗಿಸಿ ಅದು ನಿಂತಿತ್ತು.

"ಅದೇನದು?"

"ಬಟ್ಟೆ ಒಣಗಿಸೋದಮ್ಮ," ಎಂದಳು ಹೆಂಡತಿ.

ಮುಂದಿನ ದಿನಗಳಲ್ಲಿ ನನ್ನ ಕೀರ್ತಿ ಬೆಳೆಯಿತು. ಆರೋಗ್ಯ ವಿಚಾರಿಸಲು ಬಂದವರಿಗೆಲ್ಲ ಅತ್ತೆಯವರು ಮಂಡಿಗಿಂತ ಮೊದಲು ಕುರ್ಚಿಯನ್ನು ತೋರಿಸುತ್ತಿದ್ದರು. "ಅಳಿಯಂದಿರ ಕೆಲಸ," ಎನ್ನುತ್ತಿದ್ದರು. ಮೊದಮೊದಲು ಸಂಕೋಚವಾಯಿತು. ಆಮೇಲೆ ಕುರ್ಚಿಯ ಎತ್ತರ ಎಷ್ಟಿರಬೇಕು, ಆಸರೆ ಯಾವ ಕೋನದಲ್ಲಿರಬೇಕು ಎಂದು ನಾನೇ ಬಂದವರಿಗೆ ವಿವರಿಸತೊಡಗಿದೆ. ಹೇಳುತ್ತ ಹೇಳುತ್ತ ನನಗೇ ಗೊಂದಲವಾಯಿತು. ನಾನೇ ಮಾಡಿದ್ದಿರಬಹುದೇ? ಹೊದಿಕೆ ಕತ್ತರಿಸಿದವನು ನಾನು ತಾನೇ? ಅಂದರೆ ಮುಖ್ಯ ಕೆಲಸ ನನ್ನದೇ ಆಯಿತಲ್ಲ.

ಹೀಗೆ ಧೈರ್ಯ ಬಲಿತ ಮೇಲೆ, ಹೆಂಡತಿ ತರಕಾರಿಗೆ ಹೋಗಿದ್ದ ಒಂದು ಸಂಜೆ, ತಿರುಪುಳಿ ಹಿಡಿದು ಅತ್ತೆಯವರ ಮುಂದೆ ನಿಂತೆ.

"ಒಂದ್ನಿಮಿಷ ಏಳ್ತೀರಾ? ಬೆನ್ನಿನ ಕಡೆ ಇನ್ನೊಂಚೂರು ಸುಧಾರಿಸಬಹುದು ಅಂತ ನನಗೆ ಅನ್ನಿಸ್ತಿದೆ."

ಅತ್ತೆಯವರು ಏಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಬೆನ್ನಿನ ಕಡೆ ಗೋಡೆ ಇದೆ ಅಳಿಯಂದಿರೇ. ಗೋಡೇನ ಏನು ಸುಧಾರಿಸ್ತೀರಿ?"

ತಿರುಪುಳಿಯನ್ನು ಮೆಲ್ಲಗೆ ಕೆಳಗಿಳಿಸಿದೆ.

"ನಾನು ಕಂಬಳಿ ಪೆಟ್ಟಿಗೆ ಮೇಲೆ ಕೂತಿದ್ದೀನಿ ಅಂತ ನನಗೆ ಗೊತ್ತಿಲ್ವಾ? ಅದು ನಾನೇ ಮಗಳಿಗೆ ಕೊಟ್ಟ ಪೆಟ್ಟಿಗೆ. ಅವಳು ಎಳೆದು ತಂದಿದ್ದನ್ನ ಎದುರಿಗೇ ನಿಂತು ನೋಡಿದ್ದೀನಿ."

"ಹಾಗಾದ್ರೆ ಅಷ್ಟೊಂದು ಹೊಗಳಿದ್ದು?"

"ನಿಮ್ಮ ಮಾವನವರೂ ಹೀಗೇ, ಕೆಲಸದ ಹುಮ್ಮಸ್ಸು ಬಹಳ," ಎಂದರು ಅತ್ತೆ. "ಒಂದ್ಸಲ ಮುಂಬಾಗಿಲು ಕಿರುಗುಟ್ಟುತ್ತೆ ಅಂತ ರಿಪೇರಿಗೆ ಕೂತರು. ಮುಗಿಸಿ ಹೇಗಿದೆ ಅಂದ್ರು. ಇನ್ನೂ ಒಂಚೂರು ಸದ್ದು ಬರುತ್ತೆ ಅಂತ ಬಾಯ್ತಪ್ಪಿ ಅಂದುಬಿಟ್ಟೆ. ಆ ತಿಂಗಳೆಲ್ಲ ನಾವು ಅಡುಗೆಮನೆ ಕಿಟಕಿಯಿಂದ ಓಡಾಡಿದ್ವಿ. ಅವತ್ತೇ ಕಲಿತೆ, ಬಹಳ ಚೆನ್ನಾಗಾಗಿದೆ ಅಂದ್ರೇನೇ ಇವರು ನಿಲ್ಲಿಸೋದು. ನೀವು ಅದಕ್ಕೂ ನಿಲ್ಲಿಸಲಿಲ್ಲವಲ್ಲ."

ನಾನು ತಿರುಪುಳಿಯನ್ನು ಕಪಾಟಿನ ಮೇಲಿಟ್ಟೆ. ಅದು ಕಪಾಟಲ್ಲ, ಕುರ್ಚಿಯ ಬಲಗೈ ಎಂದು ನೆನಪಾಗಿ ಮತ್ತೆ ಎತ್ತಿಕೊಂಡೆ. ಎಲ್ಲಿಡಬೇಕೋ ತಿಳಿಯಲಿಲ್ಲ, ಜೇಬಿಗೆ ಹಾಕಿಕೊಂಡೆ.

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ಬೇಜಾರು ಮಾಡ್ಕೋಬೇಡಿ. ನೀವು ಒಳ್ಳೆಯವರು," ಎಂದರು. ಆಮೇಲೆ ಊರುಗೋಲನ್ನು ಪಕ್ಕಕ್ಕೆ ಸರಿಸಿ ತೋಳು ಚಾಚಿದರು. "ಸ್ವಲ್ಪ ಕೈ ಕೊಡಿ, ಏಳಬೇಕು."

ಓಡಿ ಹೋಗಿ ಕೈ ನೀಡಿದೆ. ಅತ್ತೆಯವರು ಅದನ್ನು ಹಿಡಿದುಕೊಂಡರು, ಆದರೆ ಭಾರ ಬಿಡಲಿಲ್ಲ.

"ಗಟ್ಟಿಯಾಗಿ ನಿಂತ್ಕೊಳ್ಳಿ," ಎಂದರು. "ಒಳಕೋಣೆಯ ಆ ಕುರ್ಚಿಗೆ ಕೈ ಕೊಟ್ಟ ಹಾಗೆ ನನಗೆ ಕೊಟ್ಟೀರಿ."