ಮನೆಯ ಹಿರಿಯರಿಗೊಂದು ಪತ್ರ

ರಾತ್ರಿಯೂಟದ ತಟ್ಟೆಗಳನ್ನು ಎತ್ತಿದ ಕೂಡಲೇ ಕಾರ್ಕ್ ನಗರದ ಡಗ್ಲಸ್ ಬಡಾವಣೆಯ ಆ ಮನೆಯ ಊಟದ ಮೇಜು ಮಧುಸೂದನನ ಸಿಂಹಾಸನವಾಗುತ್ತಿತ್ತು. ಹಗಲೆಲ್ಲ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕಿ ಬಂದವನು, ಮಗಳು ಶ್ರೀನಿಧಿಯ ಇಂಗ್ಲಿಷ್ ಹೋಮ್‌ವರ್ಕಿನಲ್ಲಿ ಅದೇ ಕಾಯಕ ಮುಂದುವರಿಸುತ್ತಿದ್ದ. ಪದ್ಯದ ಭಾವಾರ್ಥವಾಗಲಿ, ಪ್ರಬಂಧವಾಗಲಿ, ಅವನ ಕೈ ಸೋಕದೆ ಶಾಲೆಯ ಮುಖ ಕಾಣುವಂತಿರಲಿಲ್ಲ.

ಅಂದು ಬಂದ ಪ್ರಶ್ನೆ ಇದು: ಮನೆಯ ಹಿರಿಯರೊಬ್ಬರು ತಮ್ಮ ಒಂದು ಅಭ್ಯಾಸ ಬಿಡುವಂತೆ ಮನವೊಲಿಸಿ ಪತ್ರ ಬರೆಯಿರಿ.

"ಜಸ್ಟ್ ಗ್ರಾಮರ್ ಚೆಕ್ ಮಾಡಿ ಅಪ್ಪಾ. ದ ರೆಸ್ಟ್ ಈಸ್ ಗ್ರ್ಯಾಂಡ್," ಎಂದಳು ಶ್ರೀನಿಧಿ, ಕಾರ್ಕ್‌ನ ರಾಗದಲ್ಲಿ.

ಯಾರಿಗೆಂದು ಹೆಸರಿಲ್ಲದೆ, 'ನೀವು ಎಲ್ಲದಕ್ಕೂ ಕೈ ಹಾಕುತ್ತೀರಿ' ಎಂದು ಪತ್ರ ಶುರುವಾಗಿತ್ತು. ಮಧುಸೂದನನ ಮುಖ ಅರಳಿತು. ಇದು ಮಾವನಿಗೇ! ಮೈಸೂರಿನಿಂದ ಬಂದಿಳಿದ ದಿನದಿಂದ ಸುಬ್ರಾಯರು ಅಳಿಯ ಜೋಡಿಸಿಟ್ಟ ಪಾತ್ರೆಗಳನ್ನು ತೆಗೆದು ಮತ್ತೆ ಜೋಡಿಸುತ್ತಿದ್ದರು. ಅವನು ಕಾರು ನಿಲ್ಲಿಸುವಾಗ ಹಿಂದೆ ನಿಂತು ಕೈ ಬೀಸುತ್ತಿದ್ದರು (ಹಿಂದೆ ಒಂದು ಲಾರಿ ಹಿಡಿಯುವಷ್ಟು ಜಾಗವಿದ್ದರೂ). ಅಳಿಯನಾದವನು ಬಾಯಿಬಿಟ್ಟು ಹೇಳುವುದುಂಟೇ? ಮೊಮ್ಮಗಳು ಹೇಳಬಹುದು.

"ಇಷ್ಟು ಮೆತ್ತಗೆ ಬರೆದ್ರೆ ಅವರಿಗೆ ನಾಟಲ್ಲ ಪುಟ್ಟಿ. ಹೀಗೆ ಬರಿ: ನಿಮ್ಮದು ಸಹಾಯ ಅಲ್ಲ, ದಂಡಯಾತ್ರೆ!"

"ಆರ್ ಯು ಶುವರ್? ಬೇಜಾರಾಗಲ್ವಾ?"

"ಆಗ್ಲಿ ಬಿಡು, ಬುದ್ಧಿ ಬರುತ್ತೆ. ಹೆಸರು, ಅಭ್ಯಾಸ ಎಲ್ಲ ಆಮೇಲೆ ನೀನೇ ಸೇರಿಸು. ಮೊದ್ಲು ಏಟು ಬೀಳ್ಲಿ."

ಶ್ರೀನಿಧಿ ಅಪ್ಪನನ್ನು ಮೊದಲ ಸಲ ಕಂಡವಳಂತೆ ನೋಡಿದಳು. "ಫೇರ್ ಪ್ಲೇ ಟು ಯು, ಅಪ್ಪಾ," ಎಂದು ಅಲ್ಲಿಯವರ ಮಾತಿನಲ್ಲಿ ಭೇಷ್ ಎಂದಳು.

ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಹೆಂಡತಿ ವಿನೋದಿನಿ ಇಣುಕಿದಳು. "ಅವಳ ಹೋಮ್‌ವರ್ಕ್ ಅವಳು ಮಾಡ್ಕೊಳ್ಲಿ, ಬಿಡ್ರೀ."

"ಇದು ಸಾಹಿತ್ಯ ಕಣೆ. ನಿನ್ನ ಸ್ಟೆತಸ್ಕೋಪಿಗೆ ಕೇಳ್ಸಲ್ಲ."

ಪತ್ರ ತರಗತಿಗೇ ಮೊದಲನೆಯದಾಯಿತು. ಶುಕ್ರವಾರ ಪೋಷಕರೆದುರು ಅದನ್ನು ಓದುವುದೆಂದು ಗೊತ್ತಾಯಿತು. ಮಧುಸೂದನ ರಜೆ ಹಾಕಿ, ಮಾವನನ್ನು ಕರೆದೊಯ್ದು, ಮೊದಲ ಸಾಲಿನಲ್ಲೇ ಪ್ರತಿಷ್ಠಾಪಿಸಿದ. "ಇಲ್ಲೇ ಕೂತ್ಕೊಳ್ಳಿ ಮಾವ. ಒಂದಕ್ಷರ ತಪ್ಪಬಾರದು ನಿಮಗೆ."

ಶ್ರೀನಿಧಿ ಗಂಟಲು ಸರಿಮಾಡಿಕೊಂಡಳು. "ಡಿಯರ್ ಡ್ಯಾಡ್, ನೀವು ಎಲ್ಲದಕ್ಕೂ ಕೈ ಹಾಕುತ್ತೀರಿ. ನನ್ನ ಹೋಮ್‌ವರ್ಕ್ ನೀವು ಮಾಡುವುದನ್ನು ದಯವಿಟ್ಟು ನಿಲ್ಲಿಸಿ..." ಎಂದು ಇಂಗ್ಲಿಷಿನಲ್ಲಿ ಓದತೊಡಗಿದಳು.

ದಂಡಯಾತ್ರೆಯ ಸಾಲು ಬಂದಾಗ ಸಭೆಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಸುಬ್ರಾಯರು.

"ಏನು ಭಾಷೆ, ಏನು ಪೆಟ್ಟು ಅಳಿಯಂದ್ರೇ! ಮಗು ಒಬ್ಬಳೇ ಬರೆದಿದ್ದಾ?"

ಹೌದೆಂದರೆ ಕೀರ್ತಿ ಹೋಗುತ್ತದೆ. ಇಲ್ಲವೆಂದರೆ ಪತ್ರದ ಮಾತು ನಿಜವಾಗುತ್ತದೆ. ಮಧುಸೂದನ ತಾನೂ ಚಪ್ಪಾಳೆ ತಟ್ಟಿದ.

"ಒಬ್ಬಳೇ, ಮಾವ."

ಸೋಮವಾರದಿಂದ ಶ್ರೀನಿಧಿ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಾಳೆ.