ಸೀಲು ಒಡೆದ ಶುಕ್ರವಾರ

ಕೊಳ್ಳುವುದು ಯಾರಿಗಾದರೂ ಬರುತ್ತದೆ, ಯಾವಾಗ ಕೊಳ್ಳಬೇಕೆಂಬುದು ಮಾತ್ರ ನೂರಕ್ಕೆ ಒಬ್ಬನಿಗೆ ಬರುತ್ತದೆ, ಆ ಒಬ್ಬ ನಾನೇ ಎಂದು ಈ ವರ್ಷದ ಆರಂಭದಲ್ಲಿ ಮನೆಯಲ್ಲಿ ಘೋಷಿಸಿದೆ. ಘೋಷಿಸುವ ಹಕ್ಕೂ ನನಗಿತ್ತು. ಹತ್ತೊಂಬತ್ತು ವರ್ಷಗಳಿಂದ ನಾನು ಬಸ್ ಡಿಪೋದ ಟೈಮ್ ಕೀಪರ್. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಬಂತು, ಎಲ್ಲವೂ ನನ್ನ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ದಾಖಲಾಗುತ್ತದೆ. ನನ್ನ ಗೂಡಿನ ಕಿಟಕಿಯ ಮುಂದೆ ನಿಂತು ತೊದಲದ ಡ್ರೈವರ್ ಇನ್ನೂ ಹುಟ್ಟಿಲ್ಲ. ಕಾಲವೇ ನನ್ನ ಮುಷ್ಟಿಯಲ್ಲಿದೆ ಎಂದು ನಾನು ನಂಬಿದ್ದರೆ ಆಶ್ಚರ್ಯವೇನು?

ನಾನು ಕೊಳ್ಳಹೊರಟದ್ದು ಆಟದ ಕಾರ್ಡುಗಳ ಡಬ್ಬಿ. ಬೆಂಕಿಯುಗುಳುವ ಡ್ರ್ಯಾಗನ್‌ಗಳು, ಕತ್ತಿ ಹಿಡಿದ ರಾಣಿಯರು, ಮೂರು ತಲೆಯ ಕಪ್ಪೆಗಳು, ಇಂಥ ಚಿತ್ರಗಳ ಕಾರ್ಡು. ಹತ್ತು ಕಾರ್ಡಿಗೆ ಒಂದು ಪೊಟ್ಟಣ, ಮೂವತ್ತಾರು ಪೊಟ್ಟಣಕ್ಕೆ ಒಂದು ಡಬ್ಬಿ, ಡಬ್ಬಿಯ ಮೈಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಸೀಲು. ಮಕ್ಕಳು ಅದನ್ನು ಒಡೆದು ಆಡುತ್ತಾರೆ. ನನ್ನಂಥ ಬುದ್ಧಿವಂತರು ಒಡೆಯದೆ ಇಡುತ್ತಾರೆ. ಕಂಪನಿ ಮುದ್ರಣ ನಿಲ್ಲಿಸಿದ ಮೇಲೆ ಒಡೆಯದ ಡಬ್ಬಿಯ ಬೆಲೆ ಏರುತ್ತಲೇ ಹೋಗುತ್ತದೆ. ಒಡೆದ ಡಬ್ಬಿಯನ್ನು ಕೇಳುವವರಿಲ್ಲ. ಮನುಷ್ಯನಿಗೆ ಶೀಲ ಹೇಗೋ, ಡಬ್ಬಿಗೆ ಸೀಲು ಹಾಗೆ.

ಬಿಡುಗಡೆಯ ದಿನ ಬೆಲೆಗೆ ಜ್ವರ ಬಂದಿರುತ್ತದೆ. ಮೂರನೇ ತಿಂಗಳಿಗೆ ಅಂಗಡಿಯವರಿಗೆ ಸಾಕಾಗಿ ಬೆಲೆ ಕುಸಿದು ಕೂರುತ್ತದೆ. ಆಮೇಲೆ ಮುದ್ರಣ ನಿಲ್ಲುತ್ತದೆ, ಬೆಲೆ ಎದ್ದು ಓಡುತ್ತದೆ. ಕೂತಾಗ ಹಿಡಿಯಬೇಕು, ಓಡುವಾಗ ಬಿಡಬೇಕು. ಇದನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗ್ರಾಫನ್ನು ಹತ್ತಿರದಿಂದ ನೋಡಿದಳು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಿಮಗೆ ದೂರದ್ದು ಚೆನ್ನಾಗಿ ಕಾಣುತ್ತೆ ರೀ. ಹತ್ತಿರದ್ದೇ ಸ್ವಲ್ಪ ಕಷ್ಟ" ಎಂದಳು.

ಮೂರ್ಖರ ಜೊತೆ ವಾದ ಮಾಡಬಾರದೆಂದು ಸುಮ್ಮನಾದೆ.

ನಮ್ಮ ಬೀದಿಯ ತಿರುವಿನಲ್ಲಿ ಕಾರ್ಡು ಮಾರುವ ಪುಟ್ಟ ಅಂಗಡಿಯಿದೆ. ನಡೆಸುವವಳು ದಪ್ಪ ಬಳೆ ತೊಟ್ಟ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಬಳೆಯಕ್ಕ ಎನ್ನುತ್ತಾರೆ. ಹೊಸ ಸರಣಿ ಬಿಡುಗಡೆಯಾದ ದಿನ ಅವಳು ನನಗೂ ಒಂದು ಡಬ್ಬಿ ಚಾಚಿದಳು. ನಾನು ನಕ್ಕು ಮುಂದೆ ಹೋದೆ. ಮೂರನೇ ತಿಂಗಳಿಗೆ, ನನ್ನ ಗ್ರಾಫ್ ಹೇಳಿದ ಹಾಗೆಯೇ, ಬೆಲೆ ಇಳಿಯಿತು. ನಾಲ್ಕೇ ಡಬ್ಬಿ ಉಳಿದಿವೆ, ಬೇಕಾದರೆ ಇವತ್ತೇ ಒಯ್ಯಿರಿ ಎಂದು ಬಳೆಯಕ್ಕ ಹೇಳಿಕಳಿಸಿದಳು. ತಾಳಿದವನು ಬಾಳಿಯಾನು ಎಂದುಕೊಂಡು, ಇನ್ನೂ ಒಂದು ಮೆಟ್ಟಿಲು ಇಳಿಯಲಿ ಎಂದು ತಾಳಿದೆ. ನಾಲ್ಕು ದಿನ ಬಿಟ್ಟು ಹೋದರೆ ಕಪಾಟು ಖಾಲಿ. ಒಯ್ದವನು ನಮ್ಮ ಡಿಪೋದ ಕಂಡಕ್ಟರ್. ಅವನಿಗೆ ಗ್ರಾಫ್ ಬಿಡಿಸಿ ತೋರಿಸಿ, ಚಹಾ ಕುಡಿಸಿ, ಬೆಲೆ ಕೂರುವ ತಿಂಗಳು ಯಾವುದೆಂದು ಕಲಿಸಿದವನು ನಾನೇ! ಮರುವಾರವೇ ಮುದ್ರಣ ನಿಂತ ಸುದ್ದಿ ಬಂತು. ಬೆಲೆ ಬ್ರೇಕಿಲ್ಲದ ಬಸ್ಸಿನಂತೆ ಗುಡ್ಡ ಹತ್ತಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಂಡಕ್ಟರನ ಬಸ್ಸು ಒಂದೇ ವಾರದಲ್ಲಿ ನನ್ನ ರಿಜಿಸ್ಟರಿನಲ್ಲಿ ಐದು ಸಲ ತಡವಾಯಿತು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಆ ಉರಿಯಲ್ಲಿಯೇ ಮೊಬೈಲಿನಲ್ಲಿ ಹುಡುಕಿದೆ. ಹಳೆಯ ಸಾಮಾನು ಮಾರುವ ಒಂದು ಜಾಲತಾಣದಲ್ಲಿ ಯಾವನೋ ಪುಣ್ಯಾತ್ಮ ಇದೇ ಸರಣಿಯ ನಾಲ್ಕು ಡಬ್ಬಿಗಳನ್ನು, ಸೀಲು ಸಮೇತ, ಇಳಿದ ಬೆಲೆಗೇ ಮಾರಲು ಇಟ್ಟಿದ್ದ. ಪಾಪ, ಅವನಿಗೆ ಸುದ್ದಿ ತಲುಪಿಲ್ಲ ಎಂದುಕೊಂಡು, ಯೋಚಿಸಿದರೆ ಬೇರೆಯವರ ಪಾಲಾಗುತ್ತದೆಂದು ಅರ್ಧ ನಿಮಿಷದಲ್ಲಿ ಕೊಂಡೆ. ತಕರಾರಿದ್ದರೆ ಏಳು ದಿನದೊಳಗೆ ತಿಳಿಸಬೇಕು, ಅಲ್ಲಿಯವರೆಗೆ ಹಣ ನಮ್ಮಲ್ಲಿರುತ್ತದೆ, ಆಮೇಲೆ ಮಾರಿದವರಿಗೆ ಹೋಗುತ್ತದೆ ಎಂದು ಜಾಲತಾಣ ಬರೆದಿತ್ತು. ನನ್ನ ಆಯ್ಕೆಗೆ ತಕರಾರೇ?

ಡಬ್ಬಿಗಳು ಮಂಗಳವಾರ ಬಂದವು. ಬಿಸಿಲು ಬೀಳದ, ತೇವ ಇರದ ಜಾಗ ಬೇಕಿತ್ತು. ಅಂಥ ಜಾಗ ನಮ್ಮ ಮನೆಯಲ್ಲಿ ಒಂದೇ, ಅತ್ತೆಯ ಕೋಣೆಯ ಕಬ್ಬಿಣದ ಬೀರು. ಹೆಂಡತಿಯ ತಾಯಿ ಎರಡು ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಅವರ ಕಂಬಳಿಗಳನ್ನು ಮಂಚದ ಕೆಳಗೆ ತುರುಕಿ ಮೇಲಿನ ಅರೆಯಲ್ಲಿ ಡಬ್ಬಿಗಳನ್ನು ಜೋಡಿಸಿದೆ. ಅತ್ತೆ ಒಂದು ಡಬ್ಬಿಯನ್ನು ಎತ್ತಿ ಅಂಚಿನ ಮೇಲೆ ಬೆರಳಾಡಿಸಿ ಏನೋ ಕೇಳಲು ಬಾಯಿ ತೆರೆದರು. ನಾನು ಅದನ್ನು ಕೈಯಿಂದ ಕಿತ್ತುಕೊಂಡು, ಸೀಲಿನ ಮಹತ್ವದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ.

ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದೆ. ಊಟದ ಮೇಜಿನ ಮೇಲೆ ನನ್ನ ನಾಲ್ಕೂ ಡಬ್ಬಿಗಳು ಬೆತ್ತಲೆ ಕೂತಿದ್ದವು. ಪಕ್ಕದಲ್ಲಿ ಕತ್ತರಿ. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕು, ಒಗೆದ ಬಟ್ಟೆಯಂತೆ ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಅತ್ತೆ ಕುರ್ಚಿಯಲ್ಲಿ ಕೂತು ನನಗಾಗಿಯೇ ಕಾಯುತ್ತಿದ್ದರು.

"ಅಳಿಯಂದ್ರೆ, ಈ ಸೀಲು ನೋಡಿ..."

ಅವರು ಅಷ್ಟೇ ಹೇಳಿದ್ದು. ಆಮೇಲೆ ನಾನೇ ಮಾತಾಡಿದೆ. ಏನೇನು ಮಾತಾಡಿದೆ ಎಂದು ಎಲ್ಲವನ್ನೂ ಬರೆಯಲು ಈಗ ನಾಚಿಕೆ. ಒಂದು ಮಾತನ್ನು ಮಾತ್ರ ಮುಚ್ಚಿಟ್ಟರೆ ಈ ತಪ್ಪೊಪ್ಪಿಗೆ ಸುಳ್ಳಾಗುತ್ತದೆ. "ಕಂಡದ್ದನ್ನೆಲ್ಲ ಬಿಚ್ಚೋಕೆ ಇದೇನು ನಿಮ್ಮನೇನಾ?" ಎಂದುಬಿಟ್ಟೆ.

ಅತ್ತೆ ಎದ್ದರು. ಕತ್ತರಿಯನ್ನು ಡ್ರಾಯರಿನಲ್ಲಿ ಅದರ ಜಾಗದಲ್ಲಿಟ್ಟರು. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು, ಸದ್ದಾಗದಂತೆ. ಆ ಸದ್ದಿಲ್ಲದಿರುವುದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಅಡುಗೆಮನೆಯಿಂದ ಬಂದ ಹೆಂಡತಿಯ ಮುಖ ಕೆಂಪಾಗಿತ್ತು. ಅಮ್ಮನ ಹತ್ತಿರ ಕ್ಷಮೆ ಕೇಳುವವರೆಗೆ ತನ್ನನ್ನೂ ಮಾತಾಡಿಸಬೇಡಿ ಎಂದಳು. ಕ್ಷಮೆ ಕೇಳಬೇಕಾದವರು ಯಾರೆಂದು ಲೋಕವೇ ಹೇಳಲಿ ಎಂದು ನಾನೂ ಅಂದೇ ಮೌನವ್ರತ ಹಿಡಿದೆ.

ಮೌನವ್ರತವೆಂದರೆ ಬಾಯಿ ಮಾತ್ರ ಮುಚ್ಚುವುದು ಎಂದು ಕೆಲವರು ತಿಳಿದಿದ್ದಾರೆ. ನಾನು ಕಿವಿಯನ್ನೂ ಮುಚ್ಚಿದೆ. ಅತ್ತೆ ಹಜಾರಕ್ಕೆ ಬಂದರೆ ನಾನು ಬಾಲ್ಕನಿಗೆ. ಅವರು ಬಾಲ್ಕನಿಗೆ ಬಂದರೆ ನಾನು ಸ್ನಾನದ ಮನೆಗೆ. ಒಂದೇ ದಿನ ಮೂರು ಸಲ ಸ್ನಾನ ಮಾಡಿದ್ದೂ ಉಂಟು. ಶನಿವಾರ ನನ್ನ ಊಟದ ಡಬ್ಬಿಯ ಮುಚ್ಚಳದ ಮೇಲೆ ಮಡಿಸಿದ ಚೀಟಿಯೊಂದು ಇತ್ತು, ಅತ್ತೆಯ ಗುಂಡು ಅಕ್ಷರ. ಬರಹದಲ್ಲಿ ಕ್ಷಮೆ ಕೇಳಿದರೆ ಸಾಲದು, ಎದುರಿಗೆ ನಿಂತು ಕೇಳಲಿ ಎಂದುಕೊಂಡೆ. ಡಿಪೋದಲ್ಲಿ ನನ್ನ ಮೇಜಿನ ಒಂದು ಕಾಲು ಗಿಡ್ಡ. ಚೀಟಿಯನ್ನು ಇನ್ನೂ ಎರಡು ಮಡಿಕೆ ಮಾಡಿ ಅದರ ಕೆಳಗೆ ತುರುಕಿದೆ. ಮೇಜು ಅಲ್ಲಾಡುವುದು ನಿಂತಿತು. ಸಿಟ್ಟಿಗೂ ಒಂದು ಉಪಯೋಗವಿದೆ ಎನಿಸಿತು.

ಭಾನುವಾರ ಹೆಂಡತಿ ತಾನೇ ಮೌನ ಮುರಿದು, ಆ ಜಾಲತಾಣದ ಪಾಸ್‌ವರ್ಡ್ ಕೊಡಿ ಎಂದಳು. ತಾಯಿ ಸೀಲು ಒಡೆದರು, ಮಗಳು ಬೀಗ ಒಡೆಯಲು ಬಂದಳು ಎಂದೆ. ಅವಳು ಹಲ್ಲು ಕಚ್ಚಿ, ಅಮ್ಮ ಬರೆದ ಚೀಟಿಯನ್ನಾದರೂ ಓದಿದಿರಾ ಎಂದು ಕೇಳಿದಳು.

"ಓದಿದೆ" ಎಂದೆ.

"ಮತ್ತೆ?"

"ಮಾಡೋದನ್ನ ಮಾಡ್ತೀನಿ."

ಅವಳು ನಿರಾಳವಾಗಿ ಉಸಿರು ಬಿಟ್ಟು ಒಳಗೆ ಹೋದಳು. ನನ್ನ ಗಂಭೀರ ಉತ್ತರಕ್ಕೆ ಸೋತಳು ಎಂದು ನಾನು ಬೀಗಿದೆ.

ಬುಧವಾರ ನನಗೆ ವಾರದ ರಜೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅತ್ತೆ ಕೋಣೆಯಲ್ಲಿದ್ದರು. ನನಗೊಂದು ಉಪಾಯ ಹೊಳೆದಿತ್ತು. ಪ್ಲಾಸ್ಟಿಕ್ ಹೋದರೇನು, ಹೊಸದನ್ನು ಹೊದಿಸಿದರೆ ಸರಿ. ಅಡುಗೆಮನೆಯಲ್ಲಿ ಮಿಕ್ಕ ಅಡುಗೆಗೆ ಸುತ್ತುವ ತೆಳು ಪ್ಲಾಸ್ಟಿಕ್ಕಿನ ಸುರುಳಿ ಇತ್ತು. ಹೆಂಡತಿಯ ಕೂದಲು ಒಣಗಿಸುವ ಯಂತ್ರವೂ ಇತ್ತು. ಡಬ್ಬಿಗೆ ಬಿಗಿಯಾಗಿ ಸುತ್ತಿ ಬಿಸಿಗಾಳಿ ಹಿಡಿದೆ. ಪ್ಲಾಸ್ಟಿಕ್ ಮೊದಲು ಸುಕ್ಕಾಯಿತು, ಆಮೇಲೆ ಬಿಗಿಯಾಯಿತು, ಆಮೇಲೆ ಡಬ್ಬಿಯ ಮೂಲೆಯನ್ನೇ ಹಿಂಡಿಬಿಟ್ಟಿತು. ಎರಡನೆಯದಕ್ಕೆ ತೂತಾಯಿತು. ಮೂರನೆಯದಕ್ಕೆ ಗಾಳಿ ಜೋರು ಮಾಡಿದಾಗ, ಅತ್ತ ಬಟ್ಟೆ ಒಗೆಯುವ ಯಂತ್ರವೂ ಓಡುತ್ತಿತ್ತು ನೋಡಿ, ಫಟ್ ಎಂದು ಫ್ಯೂಸ್ ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಯಂತ್ರದ ಹೊಟ್ಟೆಯೊಳಗೆ ನನ್ನ ಸಮವಸ್ತ್ರ ಸೋಪುನೀರಿನಲ್ಲಿ ಮುಳುಗಿಯೇ ಉಳಿಯಿತು. ಬೆರಳು ಸುಟ್ಟಿತ್ತು. ಕೈಯಲ್ಲಿದ್ದ ಡಬ್ಬಿಯನ್ನು ಎತ್ತಿ ಗೋಡೆಗೆ ಬಡಿದೆ.

ಡಬ್ಬಿ ಬಾಯ್ಬಿಟ್ಟಿತು. ಪೊಟ್ಟಣಗಳು ಚೆಲ್ಲಿದವು, ಹಲವು ಹರಿದವು. ಡ್ರ್ಯಾಗನ್ನೂ ಇಲ್ಲ, ರಾಣಿಯೂ ಇಲ್ಲ. ನೆಲದ ತುಂಬ ಹಳೆಯ ಕ್ಯಾಲೆಂಡರಿನ ತುಂಡುಗಳು, ಕಾರ್ಡಿನ ಅಳತೆಗೆ ಅಚ್ಚುಕಟ್ಟಾಗಿ ಕತ್ತರಿಸಿದವು. ಒಂದರಲ್ಲಿ ಸೋಮವಾರಗಳು, ಇನ್ನೊಂದರಲ್ಲಿ ತಿಂಗಳ ಕೊನೆಯ ದಿನಗಳು. ಒಳ್ಳೆಯ ಸಮಯ ನೋಡಿ ಕೊಳ್ಳಲು ಹೋಗಿ ನಾನು ಬರೀ ವಾರ ತಿಥಿಗಳನ್ನೇ ಕೊಂಡಿದ್ದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ನೆಲವನ್ನು ನೋಡಿದರು, ನಾನು ಸುತ್ತಿಟ್ಟ ಎರಡು ಡಬ್ಬಿಗಳನ್ನು ನೋಡಿದರು, ಒಂದನ್ನು ಎತ್ತಿ ತಿರುಗಿಸಿದರು.

"ನಿಮಗಿಂತ ಅವನ ಕೈ ವಾಸಿ" ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ತಮ್ಮ ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೆ ಅವರು ಸೋಪಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದವರು, ಕೊನೆಯ ಹನ್ನೆರಡು ವರ್ಷ ಸೀಲು ಪರೀಕ್ಷಿಸುವ ಕೆಲಸ. ಹದಿನಾರು ವರ್ಷಗಳಿಂದ ಅಳಿಯನಾಗಿರುವ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಯಂತ್ರ ಹಾಕಿದ ಸೀಲಿನ ಬೆಸುಗೆ ಗೆರೆ ಎಳೆದಂತೆ ನೇರ ಇರುತ್ತದಂತೆ. ನನ್ನ ಡಬ್ಬಿಗಳಲ್ಲಿ ಅದು ಸೊಟ್ಟ, ಮೂಲೆಗಳಲ್ಲಿ ಅಂಟಿನ ಹನಿ. ಮಂಗಳವಾರ ಬೆರಳಿಟ್ಟಾಗಲೇ ಗೊತ್ತಾಗಿತ್ತಂತೆ. ಮೂರು ದಿನ ಹೇಳಲು ನೋಡಿ, ಸಾಧ್ಯವಾಗದೆ, ಖಾತ್ರಿ ಮಾಡಿಕೊಳ್ಳಲು ಶುಕ್ರವಾರ ಕತ್ತರಿ ಹಿಡಿದು, ಒಂದು ಪೊಟ್ಟಣವನ್ನೂ ಬಿಡಿಸಿ ನೋಡಿದರಂತೆ.

"ಅದಿರಲಿ, ಇವು ಇನ್ನೂ ಇಲ್ಲೇ ಯಾಕಿವೆ?" ಎಂದು ಕೇಳಿದರು. "ಚೀಟಿ ಓದಿದೆ ಅಂದ್ರಂತೆ?"

ನಾನು ಚಪ್ಪಲಿ ಮೆಟ್ಟಿ ಡಿಪೋಗೆ ಓಡಿದೆ. ರಜೆಯ ದಿನ ಟೈಮ್ ಕೀಪರ್ ಮೇಜಿನ ಕೆಳಗೆ ತೆವಳುವುದನ್ನು ಐದಾರು ಡ್ರೈವರುಗಳು ನಿಂತು ನೋಡಿದರು. ಎಂಟು ಮಡಿಕೆಯ ಚೀಟಿಯನ್ನು ಬಿಚ್ಚಿದೆ. ಅಳಿಯಂದಿರಿಗೆ, ಇವು ನಕಲಿ, ಒಳಗೆ ಕ್ಯಾಲೆಂಡರ್ ಇದೆ, ಇವು ಬಂದ ಪಾರ್ಸೆಲ್ ಪೆಟ್ಟಿಗೆಯ ಮೇಲೆ ಬರೆದಂತೆ ಮಂಗಳವಾರ ಸಂಜೆ ಆರರೊಳಗೆ ದೂರು ಕೊಟ್ಟರೆ ಹಣ ವಾಪಸ್ ಬರುತ್ತದೆ, ಪ್ಲಾಸ್ಟಿಕ್ಕನ್ನು ಸಾಕ್ಷಿಗೆ ಜೋಪಾನವಾಗಿ ಇಟ್ಟಿದ್ದೇನೆ, ಊಟ ಪೂರ್ತಿ ಮಾಡಿ. ಅಷ್ಟೇ ಇತ್ತು.

ರಿಜಿಸ್ಟರ್ ತೆರೆದು ನೋಡಿದೆ. ಹಿಂದಿನ ದಿನ, ಮಂಗಳವಾರ, ಸರಿಯಾಗಿ ಆರು ಗಂಟೆಗೆ ನಾನು ಒಬ್ಬ ಡ್ರೈವರನಿಗೆ ಎರಡು ನಿಮಿಷ ತಡವಾಗಿದ್ದಕ್ಕೆ ಕೆಂಪು ಶಾಯಿಯಲ್ಲಿ ಎಚ್ಚರಿಕೆ ಬರೆಯುತ್ತಿದ್ದೆ.

ಇಷ್ಟು ದಿನ ಕಂಡಕ್ಟರನ ಮೇಲೆ, ಅತ್ತೆಯ ಮೇಲೆ, ಹೆಂಡತಿಯ ಮೇಲೆ ಹಂಚಿಹೋಗಿದ್ದ ಸಿಟ್ಟೆಲ್ಲ ಒಟ್ಟಾಗಿ ಒಬ್ಬನ ಮೇಲೆ ತಿರುಗಿತು. ಅವನು ನನ್ನದೇ ಚಪ್ಪಲಿಯಲ್ಲಿ ನಿಂತಿದ್ದ. ಹೊಡೆಯುವ ಹಾಗಿಲ್ಲ, ಬೈದರೆ ಅವನಿಗೆ ನಾಟುವುದಿಲ್ಲ.

ಮನೆಗೆ ಬಂದು ಅತ್ತೆಯ ಎದುರು ನಿಂತೆ. "ಅತ್ತೆ, ತಪ್ಪಾಯ್ತು" ಎಂದೆ. ಡಬ್ಬಿಯ ವಿಷಯದಲ್ಲಿ ಮಾತ್ರವಲ್ಲ, ಆ ದಿನದ ಮಾತಿನ ವಿಷಯದಲ್ಲೂ ಎಂದು ಸೇರಿಸಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮೌನದ ಪಾಳಿ ಈಗ ಅವರದಾಯಿತು. ಐದು ದಿನ ನಾನು ಆಡಿದ ಮಾತಿಗೆಲ್ಲ ಅವರು ಗೋಡೆಯತ್ತ ಮುಖ ತಿರುಗಿಸಿದರು. ನಾನು ಅವರ ಕಂಬಳಿಗಳನ್ನು ಒಗೆದು, ಒಣಗಿಸಿ, ಬೀರುವಿನ ಮೇಲಿನ ಅರೆಯಲ್ಲಿಟ್ಟೆ. ಆರನೇ ದಿನ ಬೆಳಿಗ್ಗೆ ಬಂದು, ಕಂಬಳಿ ಹೀಗಾ ಮಡಿಸೋದು ಎಂದು ಗದರಿದರು. ಆ ಗದರಿಕೆ ಕೇಳಿ ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು.

ಕ್ಯಾಲೆಂಡರ್ ತುಂಡುಗಳನ್ನು ನೋಡಿದ ಬಳೆಯಕ್ಕ ನನ್ನ ಗೋಳನ್ನು ಪೂರ್ತಿ ಕೇಳಲೇ ಇಲ್ಲ. ಇಂಥ ನಕಲಿಯಿಂದ ತನ್ನ ಗಿರಾಕಿಗಳೂ ಮೋಸ ಹೋಗಿದ್ದಾರೆ, ಬೆರಳಿಟ್ಟೇ ಕಂಡುಹಿಡಿದ ಆ ಅಮ್ಮನನ್ನು ಕರೆತನ್ನಿ ಎಂದಳು. ಈಗ ಪ್ರತಿ ಶನಿವಾರ ಅತ್ತೆ ಆ ಅಂಗಡಿಯಲ್ಲಿ ಕೂರುತ್ತಾರೆ. ಎತ್ತರದ ಸ್ಟೂಲು, ಮಗಳು ಕೊಟ್ಟ ಭೂತಗನ್ನಡಿ, ಮುಂದೆ ಗಿರಾಕಿಗಳ ಸಾಲು. ಅವರು ಸರಿ ಎಂದರೆ ಸರಿ, ನಕಲಿ ಎಂದರೆ ನಕಲಿ. ಕಂಡಕ್ಟರ್ ಅವರಿಗೆ ನಮಸ್ಕಾರ ಹಾಕಿ ಹೋಗುತ್ತಾನೆ.

ಕಳೆದ ಶನಿವಾರ ನಾನೂ ಒಂದು ಡಬ್ಬಿ ಕೊಂಡೆ. ಒಂದೇ ಒಂದು. ಸಾಲಿನಲ್ಲಿ ಎಲ್ಲರಂತೆ ನಿಂತೆ, ಟೋಕನ್ ಹನ್ನೆರಡು. ನನ್ನ ಸರದಿ ಬಂದಾಗ ಅತ್ತೆ ಪರಿಚಯವೇ ಇಲ್ಲದವರಂತೆ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ನಾಲ್ಕೂ ಮೂಲೆ ಸವರಿದರು, ಬೆಸುಗೆಯನ್ನು ಬೆಳಕಿಗೆ ಹಿಡಿದರು, ಭೂತಗನ್ನಡಿಯಲ್ಲಿ ನೋಡಿದರು. ಕೊನೆಗೆ ಡಬ್ಬಿಯನ್ನು ನನ್ನ ಕೈಗಿಟ್ಟು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು:

"ಡಬ್ಬಿ ಅಸಲಿ. ತಗೊಂಡೋರ ಬಗ್ಗೆ ಮಾತ್ರ ನಾನು ಗ್ಯಾರಂಟಿ ಕೊಡಲ್ಲ."