ಉಣಬಡಿಸವ್ವನ ಪಂಕ್ತಿ

"ಅಕ್ಕಾ, ಇನ್ನ ಮ್ಯಾಲ ಈ ನಾರ್ವೇದಾಗ ನಮ್ಮೂರ ಊಟಕ್ಕಂತ ಯಾರೂ ಅಳೂದಿಲ್ಲ!" ಎನ್ನುತ್ತ ನನ್ನ ತಮ್ಮ ಗುರುಲಿಂಗ ಬೆಡ್‌ಶೀಟನ್ನು ಸರ್ರನೆ ಎಳೆದ.

ನಾನು ಆಗಷ್ಟೇ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು, ಮಗಳನ್ನು ಶಾಲೆಗೆ ನೂಕಿ, ಮಲಗಲೆಂದು ಒಂದು ಕಾಲುಚೀಲ ಬಿಚ್ಚಿದ್ದೆ. ಇನ್ನೊಂದನ್ನು ಬಿಚ್ಚುವುದರೊಳಗೆ ಅವನು ನನ್ನನ್ನು ಮೇಲಿನ ಮಹಡಿಯ ತನ್ನ ಮನೆಗೆ ಎಳೆದುತಂದಿದ್ದ.

ಬೆಡ್‌ಶೀಟಿನ ಕೆಳಗಿದ್ದದ್ದನ್ನು ನೋಡಿ ನಿದ್ದೆ ಅರ್ಧ ಹಾರಿಹೋಯಿತು. ಕೆಳಗೆ ಯಾರೋ ಎಸೆದಿದ್ದ ಬ್ಯಾಟರಿ ಗಾಲಿಕುರ್ಚಿ. ಅದರ ಮೇಲೆ ಬಟ್ಟೆ ಒಗೆಯುವ ಯಂತ್ರದ ಡ್ರಮ್ಮು. ಅದಕ್ಕೆ ನಾಲ್ಕು ಉಕ್ಕಿನ ಕೈ, ಕೈಗೊಂದು ಸೌಟು. ತಲೆಯ ಜಾಗದಲ್ಲಿ ಬೋರಲು ಹಾಕಿದ ಬೋಗುಣಿ. ಬೋಗುಣಿಯ ಮೇಲೆ ಕೆಂಪು ಸೆರಗು!

"ಅದು ನನ್ನ ಇಳಕಲ್ ಸೀರಿ ರೀ!" ಎಂದು ಚೀರಿದಳು ಅವನ ಹೆಂಡತಿ ದಾನಮ್ಮ.

"ಸೀರಿ ಇರಲಿ ಬಿಡ. ಹೆಸರು ಕೇಳ್ರಿ. ಉಣಬಡಿಸವ್ವ!"

ಗುರುಲಿಂಗ ಈ ಊರಿನಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಒಂದು ಯಂತ್ರ ರಿಪೇರಿ ಮಾಡಿದರೆ ಎರಡು ಸ್ಕ್ರೂ ಉಳಿಸಿಕೊಂಡು ಬರುತ್ತಾನೆ, ಅವುಗಳಿಂದ ಮೂರನೆಯದೊಂದನ್ನು ಹುಟ್ಟಿಸುತ್ತಾನೆ. ಹೋದ ಚಳಿಗಾಲದಲ್ಲಿ ಹಿಮ ಬಳಿಯುವ ಯಂತ್ರ ಮಾಡಿದ್ದ. ಅದು ಹಿಮವನ್ನೆಲ್ಲ ಅಚ್ಚುಕಟ್ಟಾಗಿ ಬಳಿದು ನಮ್ಮ ಮನೆಯೊಳಗೆ ತಂದು ಒಟ್ಟಿತ್ತು.

ಈ ಸಲದ ಯಂತ್ರದ ಹಿಂದೆ ಮಾತ್ರ ಗಂಭೀರ ಕಾರಣವಿತ್ತು. ದಾನಮ್ಮ ಬಸುರಿ. ಅವಳಿಗೆ ಪುಂಡಿ ಪಲ್ಯದ ಬಯಕೆ. ಬೆಳ್ಳುಳ್ಳಿ ಒಗ್ಗರಣೆಯ ಹುಳಿ ಹುಳಿ ಪುಂಡಿ ಪಲ್ಯ, ಜತೆಗೆ ಬಿಸಿ ಜೋಳದ ರೊಟ್ಟಿ. ಉತ್ತರ ಧ್ರುವಕ್ಕೆ ಇಷ್ಟು ಹತ್ತಿರದ ಊರಿನಲ್ಲಿ ಪುಂಡಿ ಸೊಪ್ಪು ಎಲ್ಲಿಂದ ಬರಬೇಕು? ಇಲ್ಲಿನ ಅನ್ನ, ಬ್ರೆಡ್ಡು, ಮೀನು ಯಾವುದೂ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ; ಕೆನ್ನೆ ಒಳಗೆ ಹೋಗಿತ್ತು. ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ಅವಳ ಅವ್ವ ಫೋನಿನಲ್ಲಿ ದಿನವೂ ಹೆದರಿಸುತ್ತಿದ್ದಳು.

"ಈ ವಾರ ಪುಂಡಿ ಪಲ್ಯ ಸಿಗಲಿಲ್ಲಂದ್ರ ನಾ ವಿಮಾನ ಹತ್ತತೀನಿ. ಹೆರಿಗಿ ತವರಮನ್ಯಾಗs. ನೀವು ಕೂಸಿನ್ನ ಫೋನ್ನ್ಯಾಗ ನೋಡ್ರಿ," ಎಂದಿದ್ದಳು ದಾನಮ್ಮ.

ಅಂದಿನಿಂದ ನನ್ನ ತಮ್ಮ ನಿದ್ದೆ ಮಾಡಿರಲಿಲ್ಲ. ಮೊದಲ ಕೂಸು ಹುಟ್ಟುವಾಗ ತಾನು ಬಾಗಿಲ ಹೊರಗಾದರೂ ನಿಂತಿರಬೇಕೆಂಬುದು ಅವನ ಒಂದೇ ಆಸೆ.

"ಇದರೊಳಗ ಈ ಊರಿಂದು ಏನರ ಹಾಕ್ರಿ. ಡ್ರಮ್ಮು ಅದರ ರುಚಿ ಕಣಗೋಳನ್ನೆಲ್ಲಾ ಬಿಡಿಸಿ, ಹಿಂಡಿ, ಒಣಗಿಸಿ, ನಮ್ಮೂರ ರುಚಿ ಹೆಣೀತೈತಿ," ಎಂದ. ನನಗೆ ಅರ್ಥವಾಗಲಿಲ್ಲ. ಅವನಿಗೂ ಪೂರ್ತಿ ಆದಂತೆ ಕಾಣಲಿಲ್ಲ.

ಒಂದು ಎಲೆಕೋಸು, ನಾಲ್ಕು ಆಲೂಗಡ್ಡೆ ಒಳಗೆ ಬಿದ್ದವು. ಡ್ರಮ್ಮು ಗರಗರ ತಿರುಗಿತು. ಮನೆ ನಡುಗಿತು. ಆಮೇಲೆ ಬಂತು ನೋಡಿ ವಾಸನೆ! ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಳಿ! ದಾನಮ್ಮನ ಕಣ್ಣಲ್ಲಿ ನೀರು ಬಂತು. ನನ್ನ ಬಾಯಲ್ಲಿ ಬಂತು.

"ಕುಂಡ್ರಿ, ಕುಂಡ್ರಿ, ಉಣ್ಣಾಕ ಕುಂಡ್ರಿ!" ಎಂದಿತು ಬೋಗುಣಿ. ಸಾಕ್ಷಾತ್ ನಮ್ಮ ಸೋದರತ್ತೆ ಸಂಗವ್ವನ ದನಿ!

ಕುಳಿತೆವು. ನನ್ನ ತಟ್ಟೆಗೆ ರೊಟ್ಟಿ, ಪಲ್ಯ. ಗುರುಲಿಂಗನ ತಟ್ಟೆಗೆ ರೊಟ್ಟಿ, ಪಲ್ಯ. ದಾನಮ್ಮ ಆಸೆಯಿಂದ ತಟ್ಟೆ ಚಾಚಿದಳು. ಉಕ್ಕಿನ ಕೈ ಅವಳನ್ನು ಸುತ್ತುಬಳಸಿ ಮತ್ತೆ ನನ್ನ ಕಡೆಗೇ ಬಂತು.

"ನೀ ತಡಿಯವ್ವ. ಮೊದ್ಲ ಬಂದವ್ರು ಉಣ್ಲಿ. ಮನಿ ಹೆಣ್ಮಕ್ಕಳು ಕಡಿ ಪಂಕ್ತಿ!"

ದಾನಮ್ಮ ಗಂಡನನ್ನು ದಿಟ್ಟಿಸಿದಳು. "ಏನ ಕಲಿಸೀರಿ ಇದಕ್ಕ?"

"ಉಪಚಾರ ಕಲೀಲಿ ಅಂತ ನಮ್ಮ ಮನೆತನದ ಮದುವಿ ವಿಡಿಯೋ ಎಲ್ಲಾ ತೋರಿಸೀನಿ..." ಗುರುಲಿಂಗನ ದನಿ ಸಣ್ಣಗಾಯಿತು. "ಬರೇ ಊಟದ ಭಾಗ."

"ಅದರಾಗ ನಿಮ್ಮ ಮನಿ ಹೆಣ್ಮಕ್ಕಳು ಉಂಡಿದ್ದು ಐತೇನು?"

"ಅಷ್ಟೊತ್ತಿಗೆ ಕ್ಯಾಮೆರಾದಂವ ಹೋಗಿರ್ತಿದ್ದ."

ಕೊಟ್ಟ ಹೆಣ್ಣಾದ್ದರಿಂದ ನಾನು ಅತಿಥಿ. ದಾನಮ್ಮ ಮನೆಯಾಕೆ. ಅವಳು ನನ್ನ ತಟ್ಟೆಗೆ ಕೈ ಹಾಕಿದಳು. ಸೌಟು ಮೆತ್ತಗೆ ಅವಳ ಕೈಮೇಲೆ ಬಿತ್ತು. "ಬಸುರಿ ಹೆಣ್ಮಗಳು ಎಂಜಲಾ ತಿನಬಾರ್ದು!"

"ಸಾಕು, ನಿಲ್ಲು!" ಎಂದೆ ನಾನು. ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

"ಬ್ಯಾಡ ಅಂದ್ರ ಬ್ಯಾಡ!" ಎರಡು ರೊಟ್ಟಿ ಬಿದ್ದವು.

ತಪ್ಪು ಯಂತ್ರದ್ದಲ್ಲ. ನಮ್ಮ ಕಡೆ ಸಾಕು ಎಂದವರಿಗೆ ಒಂದು, ಬೇಡ ಎಂದವರಿಗೆ ಎರಡು, ಎದ್ದವರನ್ನು ಭುಜ ಹಿಡಿದು ಕೂರಿಸಿ ಮೇಲೊಂದು ಹೋಳಿಗೆ. ಯಾವ ವಿಡಿಯೋದಲ್ಲೂ ಬೇರೆ ಥರ ಇರಲಿಕ್ಕಿಲ್ಲ.

"ಸ್ವಿಚ್ ಆರಸೋ ಮಾರಾಯಾ!"

"ಸೆರಗಿನ ಕೆಳಗೈತಿ ಅಕ್ಕಾ!" ಗುರುಲಿಂಗ ಸೆರಗಿಗೆ ಕೈಹಾಕಿದ್ದೇ ತಡ, ನಾಲ್ಕೂ ಸೌಟು ಒಟ್ಟಿಗೆ ಎದ್ದವು. "ಹೇ ಭಾಡ್ಯಾ! ಹೆಣ್ಮಗಳ ಸೆರಗಿಗೆ ಕೈ ಹಚ್ಚತೀ?" ಧಡ್! ನನ್ನ ತಮ್ಮ ಸೋಫಾದ ಹಿಂದೆ ಅಡಗಿದ.

ಅಷ್ಟರಲ್ಲಿ ಕರೆಗಂಟೆ ಮೊಳಗಿತು. ಕೆಳಮನೆಯ ಮುದುಕ ಆರ್ವಿದ್. ಆರು ವರ್ಷದಲ್ಲಿ ನಮ್ಮೊಡನೆ ಆಡಿದ ಮಾತೆಂದರೆ 'ಗುಡ್ ಮಾರ್ನಿಂಗ್' ಮತ್ತು 'ಸದ್ದು'. ಇವತ್ತು ಎರಡನೆಯದನ್ನು ಆಡಲು ಬಂದಿದ್ದ.

"ಬರ್ರಿ ಬರ್ರಿ!" ಎಂದು ಉಣಬಡಿಸವ್ವ ಗಾಲಿಯ ಮೇಲೆ ಧಾವಿಸಿ, ಅವನನ್ನು ಎತ್ತಿ ಕೂರಿಸಿ, ತಟ್ಟೆ ಇಟ್ಟಿತು. ಅವನು ತನ್ನ ಭಾಷೆಯಲ್ಲಿ, "ಬೇಡ, ಧನ್ಯವಾದ," ಎಂದ. ನನ್ನ ತಮ್ಮ ಜಾಣ, ಇಲ್ಲಿನ 'ಬೇಡ'ವನ್ನೂ ಯಂತ್ರಕ್ಕೆ ಕಲಿಸಿದ್ದ. ಎರಡು ರೊಟ್ಟಿ ಬಿದ್ದವು!

ಇಲ್ಲಿನವರು ತಟ್ಟೆಯಲ್ಲಿ ಬಿಡುವುದು ಅವಮರ್ಯಾದೆ ಎಂದುಕೊಳ್ಳುವ ಜನ. ಆರ್ವಿದ್ ಖಾರಕ್ಕೆ ಕೆಂಪೇರುತ್ತ, ಕಣ್ಣೊರೆಸಿಕೊಳ್ಳುತ್ತ ಎಲ್ಲ ಮುಗಿಸಿದ. ನಮ್ಮವರು ಖಾಲಿ ತಟ್ಟೆ ಕಂಡರೆ ಬಿಡುವ ಜನವೇ? ಯಂತ್ರ ಮತ್ತೆ ಬಡಿಸಿತು. ಅವನು ಮತ್ತೆ ಮುಗಿಸಿದ. ಎರಡು ದೇಶಗಳ ಸಂಸ್ಕಾರ ಹೀಗೆ ಎದುರುಬದುರು ನಿಂತಿತು. ಆರ್ವಿದ್ ಬೆಲ್ಟು ಸಡಿಲಿಸಿದ.

"ಇನ್ನ ಯಾರ್ಯಾರು ಉಂಡಿಲ್ರವ್ವಾ?" ಎಂದು ಬೋಗುಣಿ ಸುತ್ತ ನೋಡಿತು.

"ನಾ ಉಂಡಿಲ್ಲ!" ಎಂದಳು ದಾನಮ್ಮ.

"ನೀ ಮನ್ಯಾಕಿ. ಬೀಗ್ರು, ನೆರಮನ್ಯಾರು ಬರಲಿ!" ಎಂದು ಯಂತ್ರ ಲಿಫ್ಟು ಹೊಕ್ಕಿತು.

ಮುಂದಿನ ಕತೆಯನ್ನು ನಮ್ಮ ಕಟ್ಟಡದ ಜನ ಮೊಮ್ಮಕ್ಕಳಿಗೆ ಹೇಳುತ್ತಾರೆ. ಪ್ರತಿ ಮಹಡಿಯ ಪ್ರತಿ ಬಾಗಿಲು ಬಡಿದು ಜನರನ್ನು ಹೊರಗೆಳೆದು ಮೆಟ್ಟಿಲಿನ ಮೇಲೆ ಸಾಲಾಗಿ ಕೂರಿಸಿತು. ಸ್ನಾನಕ್ಕೆ ಹೊರಟವರು ಟವೆಲಿನಲ್ಲೇ ಪಂಕ್ತಿಗೆ ಕುಳಿತರು. ಅಂಚೆಯಾಕೆ ಪಾರ್ಸೆಲ್ ಕೊಡಲು ಬಂದು ಸಿಕ್ಕಿಬಿದ್ದಳು. ಆಲೂಗಡ್ಡೆ ತೀರಿತು. ಆಗ ಯಂತ್ರ ಕಾರಿಡಾರಿನ ಕುಂಡದ ಗಿಡ ಕಿತ್ತು ಡ್ರಮ್ಮಿಗೆ ಹಾಕಿತು. ಪುಂಡಿ ಪಲ್ಯ ಬಂತು. ಜಾಹೀರಾತು ಹಾಳೆ ಹಾಕಿತು, ರೊಟ್ಟಿ ಬಂತು. ಯಾರದೋ ಉಣ್ಣೆಯ ಟೋಪಿಯನ್ನೂ ಒಳಗೆ ಹಾಕಿತು. ಆ ರೊಟ್ಟಿ ಮಾತ್ರ ಸ್ವಲ್ಪ ಜಿಗುಟು ಎಂದು ಆಮೇಲೆ ದೂರು ಬಂತು.

ಮೇಲಿನ ಮೆಟ್ಟಿಲಲ್ಲಿ ದಾನಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಇಡೀ ಕಟ್ಟಡ ಅವಳ ಬಯಕೆಯನ್ನು ಉಣ್ಣುತ್ತಿತ್ತು.

"ಟಿಕೆಟ್ ತಗಸ್ರಿ," ಎಂದಳು ಗಂಡನಿಗೆ. ಚೀರಲಿಲ್ಲ, ಅಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಗುರುಲಿಂಗನ ಮುಖ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು.

ನನಗೆ ಯಂತ್ರ ಗೊತ್ತಿಲ್ಲ. ಆದರೆ ಪಂಕ್ತಿ ಗೊತ್ತು. ಎಷ್ಟು ಮದುವೆಗಳಲ್ಲಿ ಬಡಿಸಿ ಬಡಿಸಿ, ಕೊನೆಗೆ ತಳ ಹತ್ತಿದ ಸಾರು ಉಂಡಿಲ್ಲ ನಾನು!

"ದಾನಮ್ಮಾ, ಏಳು. ಕೋಟು ಹಾಕ್ಕೊ, ಬೂಟು ಹಾಕ್ಕೊ, ಚೀಲ ಹಿಡಿ. ಹೊರಗ ನಿಂತು ಗಂಟಿ ಒತ್ತು."

"ನಮ್ಮ ಮನಿ ಗಂಟಿ ನಾ ಒತ್ತೂದಾ ಅಕ್ಕಾರs?"

"ಒತ್ತು ಅಂದ್ರ ಒತ್ತು!"

ಒತ್ತಿದಳು. ಗಂಟೆಯ ಸದ್ದು ಕೇಳಿದ್ದೇ ಯಂತ್ರ ಲಿಫ್ಟಿನಲ್ಲಿ ಮೇಲೆ ಹಾರಿಬಂತು. "ಬರ್ರಿ ಬರ್ರಿ! ಯಾವೂರಾತು?"

"ಬಿಜಾಪುರ ಕಡೇರು," ಎಂದಳು ದಾನಮ್ಮ, ತುಟಿ ಕಚ್ಚಿಕೊಂಡು.

"ಎಷ್ಟ ದೂರದಿಂದ ಬಂದೀರವ್ವಾ! ಕುಂಡ್ರಿ, ದಣದೀರಿ!"

ದಾನಮ್ಮ ಕೋಟಿನಲ್ಲೇ ಕುಳಿತು ಉಂಡಳು. ನಾವಿಬ್ಬರೂ ಉಸಿರು ಬಿಡದೆ ನೋಡಿದೆವು. ಬಿಸಿ ರೊಟ್ಟಿ ಮುರಿದು, ಪಲ್ಯ ಬಳಿದು, ಒಮ್ಮೆಯೂ ಸಾಕು ಎನ್ನದೆ, ಬೆರಳು ನೆಕ್ಕಿ ನೆಕ್ಕಿ ಉಂಡಳು. ಗುರುಲಿಂಗ ಕಣ್ಣೊರೆಸಿಕೊಂಡು, ಖಾರ ಕಣ್ಣಿಗೆ ಹೋಯಿತು ಎಂದ. ಕೊನೆಗೆ ಅವಳು ಗೋಡೆಗೆ ಒರಗಿ, ತೃಪ್ತಿಯಿಂದ, ಕಿಟಕಿಗಾಜು ಅದುರುವಂತೆ ತೇಗಿದಳು.

ತಕ್ಷಣ ನಾಲ್ಕೂ ಸೌಟು ಕೆಳಗಿಳಿದವು. "ಊಟಾತು. ಎಲಿ ಎತ್ರಿ," ಎಂದು ಯಂತ್ರ ಸ್ತಬ್ಧವಾಯಿತು.

ಗುರುಲಿಂಗ ಹಣೆ ಬಡಿದುಕೊಂಡ. "ತೇಗು! ವಿಡಿಯೋದಾಗ ಎಲ್ಲಾರೂ ತೇಗಿದ ಮ್ಯಾಲನs ಏಳತಿದ್ರು!"

ಇಷ್ಟು ಸಭ್ಯ ಜನರ ಊರಿನಲ್ಲಿ ಯಾರು ತೇಗಬೇಕು?

ದಾನಮ್ಮ ಟಿಕೆಟ್ ಬೇಡವೆಂದಳು. ಕೂಸು ಇಲ್ಲೇ ಹುಟ್ಟಿತು. ಗುರುಲಿಂಗ ಬಾಗಿಲ ಹೊರಗಲ್ಲ, ಒಳಗೇ ನಿಂತಿದ್ದು ಮೂರ್ಛೆ ಹೋದ. ಕಿವಿ ಎರಡೂ ಚೆನ್ನಾಗಿವೆ, ಕೂಸಿನವು. ಆರ್ವಿದ್ ಈಗ ಲಿಫ್ಟಿನಲ್ಲಿ ಗುಟ್ಟಾಗಿ ತೇಗುವುದನ್ನು ಅಭ್ಯಾಸ ಮಾಡುತ್ತಾನೆ. ಪ್ರತಿ ಸಲವೂ ಕ್ಷಮೆ ಕೇಳುತ್ತಾನೆ. ಸೆರಗಿಗೆ ಕೈಹಚ್ಚಲು ಯಾರಿಗೂ ಧೈರ್ಯವಿಲ್ಲದ್ದರಿಂದ ಯಂತ್ರ ಇದ್ದ ಹಾಗೇ ಇದೆ. ದಾನಮ್ಮ ದಿನವೂ ಕೂಸನ್ನೆತ್ತಿಕೊಂಡು, ಕೋಟು ಹಾಕಿಕೊಂಡು, ತನ್ನ ಮನೆಗೆ ತಾನೇ ಅತಿಥಿಯಾಗಿ ಬರುತ್ತಾಳೆ.

ನಿನ್ನೆ ಪಾಳಿ ಮುಗಿಸಿ ಬಂದ ನಾನು, ಕೀಲಿ ಜೇಬಿನಲ್ಲಿದ್ದರೂ, ನಮ್ಮ ಮನೆಯ ಗಂಟೆ ಒತ್ತಿ ನೋಡಿದೆ.

"ಕೀಲಿ ಇಲ್ಲೇನು? ಬರೂವಾಗ ಹಾಲು ತಂದೀಯಿಲ್ಲೋ?" ಎಂದರು ಒಳಗಿಂದ ನಮ್ಮ ಯಜಮಾನರು.

ನಮ್ಮ ಮನೆಗೂ ಒಂದು ಉಣಬಡಿಸವ್ವನನ್ನು ಮಾಡಿಕೊಡೆಂದು ತಮ್ಮನಿಗೆ ಹೇಳಿದ್ದೇನೆ. ರಿಪೇರಿ ಏನೂ ಬೇಡ, ಕೆಟ್ಟದ್ದು ಕೆಟ್ಟ ಹಾಗೇ ಇರಲಿ ಎಂದೂ ಹೇಳಿದ್ದೇನೆ.